ತಾತನ ಹೊಟ್ಟೆಗೆ ತೂತು

ಪುಸ್ತಕವನ್ನು ಮೊದಲು ಕೈಗೆ ತೆಗೆದುಕೊಂಡವರು ಮನೆಯ ಯಜಮಾನರು. ಮುಖಪುಟ ನೋಡಿದವರೇ ಬಾಯಲ್ಲಿದ್ದ ತುತ್ತನ್ನು ತಟ್ಟೆಯ ಅಂಚಿಗೆ ಉಗಿದರು.

"ಇದೇನೋ ಇದು ಅಸಹ್ಯ! ನನ್ನ ಹೊಟ್ಟೆ ಯಾಕೋ ಕುಯ್ದಿದ್ದಾರೆ?"

ಭಾನುವಾರ ಮಧ್ಯಾಹ್ನ. ವಾರದಲ್ಲಿ ಅದೊಂದು ದಿನ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಒಂದೇ ಮೇಜಿಗೆ ಕೂರುತ್ತಿದ್ದರು. ಕೆಳಗೆ ಯಜಮಾನರು, ಅವರ ಹೆಂಡತಿ, ಹಿರೀ ಮಗ, ಹಿರೀ ಸೊಸೆ, ಅವರ ಮಗಳು ಪುಟ್ಟಿ. ಮೇಲೆ ಕಿರೀ ಮಗ, ಅವನ ಹೆಂಡತಿ, ಅವರ ಮಗ ಮರಿ. ಹಿರಿಯವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯವರ ಕೋಟು, ಷರಟು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಕಿರಿಯವನಿಗೆ ಮಾರ್ಕೆಟ್ ರಸ್ತೆಯಲ್ಲಿ ಪ್ರೆಸ್ಸು. ಬಿಲ್ ಪುಸ್ತಕ, ಕರಪತ್ರ, ವಿಸಿಟಿಂಗ್ ಕಾರ್ಡು ಹಾಕುತ್ತ ಹಾಕುತ್ತ ಈಗ ಪ್ರಕಾಶಕನಾಗಿದ್ದ. ಆವತ್ತು ಕೈಗೆ ಶಾಯಿ ಮೆತ್ತಿಕೊಂಡೇ ಮೇಜಿಗೆ ಬಂದು, ಬ್ರೆಡ್ಡಿನ ಪಕ್ಕ ಧಪ್ಪನೆ ಇಟ್ಟ ಮೊದಲ ಪುಸ್ತಕ ಇದು. ಹೆಸರು 'ಗುಂಡಿಯ ತಾತ'.

ಮುಖಪುಟದಲ್ಲಿ ಒಬ್ಬ ಮುದುಕ. ಬೋಳು ತಲೆ, ದಪ್ಪ ಕನ್ನಡಕ, ಗಲ್ಲದ ಮೇಲೆ ನರಹುಲಿ. ಥೇಟ್ ಯಜಮಾನರೇ. ಆ ಮುದುಕನ ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಸೀಳು. ಸೀಳಿನ ಸುತ್ತ ಆಪರೇಷನ್ ಆದವರ ಹಾಗೆ ನೂಲಿನ ಹೊಲಿಗೆ. ಒಳಗಿಂದ ಕೋಟಿನ ಕೆಂಪು ಗುಂಡಿಯೊಂದು ಹಲ್ಲು ಕಿರಿದು ಹಣಕುತ್ತಿತ್ತು.

"ಚಿತ್ರ ಬರೆಯೋನಿಗೆ ನಿಮ್ಮ ಫೋಟೋ ನಾನೇ ಕೊಟ್ಟಿದ್ದು ಅಪ್ಪ," ಅಂದ ಕಿರೀ ಮಗ. "ಕಥೆಲಿ ತಾತ ಅಂತ ಬರುತ್ತೆ. ಎಲ್ಲಿಂದಲೋ ತಾತನ್ನ ಹುಡುಕೋ ಬದಲು ನಮ್ಮ ತಾತನೇ ಇರ್ಲಿ ಅಂತ. ಖುಷಿ ಪಡ್ಬೇಕು ನೀವು."

"ಹೊಟ್ಟೆ ಕುಯ್ಸಿಕೊಂಡು ಖುಷಿ ಪಡ್ಲಾ?"

ಹಿರೀ ಸೊಸೆ ಆಲೂಗಡ್ಡೆ ಬಡಿಸುತ್ತಿದ್ದವಳು ಸೌಟು ಹಿಡಿದೇ ಬಗ್ಗಿ ನೋಡಿದಳು. ಪುಟ ತಿರುಗಿಸಿದಳು. ಮೊದಲ ಸಾಲು ಹೀಗಿತ್ತು: "ಒಂದು ಕೋಟಿನಿಂದ ಒಂದು ಗುಂಡಿ ಕಳಚಿಕೊಂಡು ರಸ್ತೆಯ ಗುಂಡಿಗೆ ಬಿತ್ತು. ಗುಂಡಿಗೆ ಬಿದ್ದ ಗುಂಡಿಗೆ, ತಾನು ಗುಂಡಿಯೋ ಅದು ಗುಂಡಿಯೋ ತಿಳಿಯಲಿಲ್ಲ."

ಆ ಸಾಲು ಅವಳದು. ಪುಟ್ಟಿ ಅನ್ನ ಉಗುಳುತ್ತಿದ್ದ ದಿನಗಳಲ್ಲಿ, ಒಂದು ಕೈಲಿ ತಟ್ಟೆ ಹಿಡಿದು ಇನ್ನೊಂದು ಕೈಲಿ ಮೂತಿ ಒರೆಸುತ್ತ ಅವಳೇ ಕಟ್ಟಿದ್ದು. ದಿನಾ ಸಂಜೆ ಊಟಕ್ಕೆ ಒಂದೊಂದು ಗೆಣ್ಣು ಬೆಳೆಸಿದ್ದು. ಸೋಡಾ ಬಾಟಲಿ ಮುಚ್ಚಳ "ನಾನೇ ನಿನ್ನ ತಾತ, ಬಾ" ಅಂತ ಮೋಸ ಮಾಡುವುದು, ಚರಂಡಿಯ ಜಾಲರಿ ಬಾಯಿ ಬಿಡುವುದು, ಕೊನೆಗೆ ಗುಂಡಿ ಉರುಳಿ ಉರುಳಿ ಹಳೇ ಕೋಟಿಗೆ ವಾಪಸ್ ಬಂದು ತಾತನ ಹೊಟ್ಟೆಯೊಳಗೆ ತೂರಿ ಅಡ್ಡಡ್ಡ ಮಲಗುವುದು, ಎಲ್ಲ ಹಾಗೇ ಇತ್ತು. ಮಾತಿಗೆ ಮಾತು.

ಲೇಖಕರ ಹೆಸರಿರಬೇಕಾದ ಕಡೆ ಮೈದುನನ ಹೆಸರಿತ್ತು.

"ಅಮ್ಮ, ತಾತ ಯಾಕೆ..." ಅಂತ ಪುಟ್ಟಿ ಬಾಯಿ ತೆರೆಯಿತು. ಅಮ್ಮ ಆ ಬಾಯಿಗೆ ಒಂದು ದೊಡ್ಡ ತುತ್ತು ತುರುಕಿದಳು. ಯಾಕೆ ತುರುಕಿದಳೋ ಅವಳಿಗೇ ಗೊತ್ತಾಗಲಿಲ್ಲ. ಒಂದು ಮಾತು ಬೇಡ ಅನ್ನಿಸಿತ್ತು ಅಷ್ಟೇ. ಮೇಜಿನ ಆ ತುದಿಯಿಂದ ಮಾವ ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿದ್ದರು.

ಆ 'ತಾತ'ನ ವಿಷಯ ಇಲ್ಲಿ ಹೇಳಿಬಿಡಬೇಕು. ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜ ಅನ್ನುತ್ತಾರೆ. ಪುಟ್ಟಿ ಮಾತು ಕಲಿಯುವಾಗ ಅದಕ್ಕೆ ಕಾಜ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ತಾತ ಅನ್ನುತ್ತಿತ್ತು. "ಅಮ್ಮಾ, ತಾತ ಹರಿದೋಯ್ತು" ಅಂತ ಕಿರುಚಿದರೆ ಯಜಮಾನರು ಬಚ್ಚಲಿಂದ "ನಾನಿನ್ನೂ ಗಟ್ಟಿಯಾಗಿದೀನಿ ಕಣೇ" ಅಂತ ಕೂಗುತ್ತಿದ್ದರು. ಮಿಷನ್ ಪಕ್ಕ ಕೂತು ಅಮ್ಮ ಕಾಜ ಹೊಲಿಯುವಾಗ "ತಾತನ ಹೊಟ್ಟೆಗೆ ಸೂಜಿ ಚುಚ್ಚಬೇಡ, ಪಾಪ" ಅಂತ ಅಳುತ್ತಿತ್ತು. ಆ ಅಳುವಿನಿಂದಲೇ ಕಥೆ ಹುಟ್ಟಿದ್ದು. ಮನೆಯಲ್ಲಿ ಈಗ ದೊಡ್ಡವರೂ ಕಾಜಕ್ಕೆ ತಾತ ಅಂತಲೇ ಅನ್ನುವುದು. ಮರಿ ಕೂಡ ಅದನ್ನೇ ಕಲಿತಿದ್ದ. ಗೊತ್ತಿಲ್ಲದವನು ಒಬ್ಬನೇ, ಬೆಳಗ್ಗೆ ಎದ್ದರೆ ಪ್ರೆಸ್ಸು, ಮನೆಗೆ ಬಂದರೆ ಫೋನು ಅಂತಿದ್ದ ಮರಿಯ ಅಪ್ಪ.

ಪಾತ್ರೆ ತೊಳೆಯುವಾಗ ಓರಗಿತ್ತಿ ಪಕ್ಕಕ್ಕೆ ಬಂದು ನಿಂತಳು. ತೊಳೆದಿಟ್ಟ ಲೋಟವನ್ನೇ ಮತ್ತೆ ಮತ್ತೆ ಒರೆಸಿದಳು.

"ಅಕ್ಕ, ನಾನು ಮರಿಗೆ ಊಟ ಮಾಡ್ಸೋಕೆ ಅಂತ ರೆಕಾರ್ಡ್ ಮಾಡ್ಕೊಂಡಿದ್ದು. ನಿಮ್ಮ ದನಿ ಕೇಳದೆ ಮೇಲೆ ಒಂದು ತುತ್ತೂ ತಿನ್ನಲ್ಲ ಅವನು. ಇವರು ಒಂದಿನ ನನ್ನ ಫೋನ್ ತಗೊಂಡ್ಹೋದ್ರು. ಪ್ರೆಸ್ಸಲ್ಲಿ ಟೈಪ್ ಮಾಡೋ ಹುಡುಗಿಗೆ ಕೊಟ್ರಂತೆ."

"ಅವನು ಕೇಳಿದಾನಾ ಅದನ್ನ?"

"ಎಲ್ಲಿ ಕೇಳ್ತಾರೆ ಅಕ್ಕ. ಟೈಪ್ ಮಾಡು, ಅಚ್ಚು ಹಾಕು ಅಂದಿರ್ತಾರೆ."

"ಕದಿಯೋದಕ್ಕೂ ಒಂದು ಶ್ರದ್ಧೆ ಬೇಡ್ವಾ?" ಅಂದಳು ಹಿರೀ ಸೊಸೆ. ಅಂದವಳು ಕೈಲಿದ್ದ ಎಣ್ಣೆ ಬಾಣಲೆಯನ್ನು ತಿಕ್ಕದೆ ಹಾಗೇ ಬಿಟ್ಟು ಹೊರಟುಹೋದಳು. ಆ ಮನೆಯಲ್ಲಿ ಅವಳು ಪಾತ್ರೆ ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಗಂಡ ಮಂಚದ ಮೇಲೆ ಕಾಲು ಚಾಚಿ ಪುಸ್ತಕ ಓದುತ್ತಿದ್ದ. ಉಗುರ ಸಂದಿನ ಗ್ರೀಸು ಪುಟಗಳಿಗೆ ಅಂಟುತ್ತಿತ್ತು. ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ನಗತೊಡಗಿದ.

"ಏ, ಇಲ್ನೋಡೇ! 'ಗುಂಡಿಯೊಳಗೆ ಬಿದ್ದ ಗುಂಡಿ ಸುತ್ತ ನೋಡಿತು. ಉಪ್ಪೇ ಇಲ್ಲ ಇದಕ್ಕೆ, ಎಂದಿತು.' ಇದು ನಾನು ಕಣೇ! ಆವತ್ತು ಬೇಳೆಗೆ ಉಪ್ಪು ಹಾಕಿರಲಿಲ್ಲ ನೀನು. ಪಕ್ಕದಲ್ಲಿ ಕೂತು ನಾನು ಅಂದಿದ್ದನ್ನೂ ಸೇರಿಸಿ ಟೈಪ್ ಮಾಡಿದ್ದಾಳೆ ಆ ಹುಡುಗಿ!"

"ನಗು ಬರ್ತಾ ಇದ್ಯಾ ನಿಮಗೆ?"

"ಮತ್ತೇನು ಮಾಡ್ಲಿ? ನೀನೇನು ಅದನ್ನ ಅಚ್ಚು ಹಾಕ್ಸೋಕೆ ಹೋಗ್ತಿದ್ದೆಯಾ? ಇಲ್ವಲ್ಲ. ಮಕ್ಕಳಿಗೆ ಹೇಳೋ ಕಥೆ. ಅವನು ಪುಸ್ತಕ ಮಾಡಿದ. ನಿನ್ನ ಗಂಟೇನು ಹೋಯ್ತು?"

"ನನ್ನ ಹೆಸರು ಹೋಯ್ತು."

"ಬಂದಿದ್ರೆ ತಾನೆ ಹೋಗೋಕೆ," ಅಂದು ಅವನು ಮಗ್ಗುಲು ಬದಲಿಸಿದ. ಅವಳು ಆ ಬೆನ್ನನ್ನು ನೋಡುತ್ತ ನಿಂತಳು. ಬನಿಯನ್ನಿನ ತೂತಿನಿಂದ ಬೆವರುಸಾಲೆ ಕಾಣುತ್ತಿತ್ತು. ಇಷ್ಟು ವರ್ಷ ತಾನೇ ಪೌಡರ್ ಹಚ್ಚುತ್ತಿದ್ದ ಬೆನ್ನು. ಆವತ್ತು ಮುಟ್ಟಲು ಹೇಸಿಗೆಯಾಯಿತು.

ಒಂದೆರಡು ವಾರ ಹಾಗೇ ಕಳೆಯಿತು. ಮೈದುನ ಏನೂ ಆಗದವನ ಹಾಗೆ ಬಂದು ಹೋಗುತ್ತಿದ್ದ. ಶಾಲೆಗಳವರು ಪುಸ್ತಕ ಕೊಳ್ಳುತ್ತಿದ್ದರು. ಪುಟ್ಟಿಯ ಶಾಲೆಗೂ ಬಂತು. ಪುಟ್ಟಿ ಟೀಚರಿಗೆ "ಇದು ನಮ್ಮಮ್ಮನ ಕಥೆ" ಅಂದಿತಂತೆ. "ಸುಳ್ಳು ಹೇಳಬಾರದು ಪುಟ್ಟಾ, ಇದು ನಿಮ್ಮ ಚಿಕ್ಕಪ್ಪ ಬರೆದದ್ದು" ಅಂದರಂತೆ ಟೀಚರ್. ಮಗು ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಮಿಷನ್ ಕೆಳಗೆ ಕೂತುಬಿಟ್ಟಿತು.

"ಅಮ್ಮ, ಸುಳ್ಳು ಹೇಳಿದ್ದು ನಾನಾ?"

ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. ನೆಟ್ಟಗೆ ಮೇಲಿನ ಮನೆಗೆ ಹತ್ತಿದಳು. ಮೈದುನ ಬೂಟು ಹಾಕಿಕೊಳ್ಳುತ್ತಿದ್ದ.

"ಪುಸ್ತಕದ ಮೇಲೆ ನನ್ನ ಹೆಸರು ಹಾಕು," ಅಂದಳು.

"ಅಯ್ಯೋ ಅತ್ತಿಗೆ, ಅದು ಜನಪದ ಕಥೆ! ಬಾಯಿಂದ ಬಾಯಿಗೆ ಬಂದಿದ್ದು. ನಮ್ಮಜ್ಜಿ ಹೇಳ್ತಿದ್ರು ನಂಗೆ, ನಾನು ಚಿಕ್ಕವನಿದ್ದಾಗ. ನೀವು ಯಾರಿಂದಲೋ ಕೇಳಿ ಮಕ್ಕಳಿಗೆ ಹೇಳಿದ್ರಿ. ಇಂಥದ್ದಕ್ಕೆಲ್ಲ ಒಡೆಯರು ಅಂತ ಇರಲ್ಲ."

"ನಿಮ್ಮಜ್ಜಿ? ನಿಮ್ಮಜ್ಜಿ ಕಾಲದಲ್ಲಿ ಸೋಡಾ ಬಾಟಲಿಗೆ ಈ ಮುಚ್ಚಳ ಎಲ್ಲಿತ್ತೋ?"

"ಬೇಕಿದ್ರೆ ಅಮ್ಮನ್ನ ಕೇಳಿ."

ಅತ್ತೆ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಕೊಳೆತ ಎಲೆಗಳನ್ನೂ ಒಳ್ಳೆ ಎಲೆಗಳ ಜೊತೆಗೇ ಹಾಕುತ್ತ, ತಲೆ ಎತ್ತದೆ ಅಂದರು: "ಹೂಂ ಕಣಮ್ಮ. ನಮ್ಮತ್ತೆ ಏನೋ ಒಂದು ಹೇಳ್ತಿದ್ರು. ಗುಂಡೀನೋ, ಗಡಿಗೇನೋ."

"ಅತ್ತೆ, ನನ್ನ ಮುಖ ನೋಡಿ ಹೇಳಿ."

"ಮುಖ ನೋಡಿ ಏನೇ ಹೇಳೋದು? ನೀನೂ ಈ ಮನೆಯವಳು, ಅವನೂ ಈ ಮನೆಯವನು. ಕಥೆ ಯಾರದ್ದಾದ್ರೇನು? ಹೊರಗಿನವರು ಕೇಳಿದ್ರೆ ನಗ್ತಾರೆ. ಒಂದು ಗುಂಡಿಗೋಸ್ಕರ ಮನೆ ಒಡೀಬೇಡ ತಾಯಿ. ಹೋಗು, ಒಲೆ ಮೇಲೆ ಹಾಲಿದೆ, ಉಕ್ಕುತ್ತೆ."

ಹಾಲು ಉಕ್ಕಿಯೇ ಬಿಟ್ಟಿತ್ತು. ಸೀದ ವಾಸನೆ ಸಂಜೆಯವರೆಗೂ ಮನೆ ತುಂಬ ಇತ್ತು.

ಆ ಬೀದಿಯ ತುದಿಯಲ್ಲಿ ಒಬ್ಬರು ವಕೀಲರಮ್ಮ ಇದ್ದರು. ಕೋರ್ಟಿನ ಕರೀ ಕೋಟು ಬಿಗಿಯಾಯಿತು ಅಂತ ಹೊಲಿಗೆ ಬಿಡಿಸಿಕೊಳ್ಳಲು ಬಂದರು. ತೆರೆದ ಮನಸ್ಸಿನ ಹೆಂಗಸು. ಬಂದರೆ ಚಹಾ ಕುಡಿದೇ ಹೋಗುವವರು. ಟೇಪು ಹಿಡಿದು ಸೊಂಟದ ಅಳತೆ ತೆಗೆಯುತ್ತ ಹಿರೀ ಸೊಸೆ ಎಲ್ಲವನ್ನೂ ಹೇಳಿಬಿಟ್ಟಳು. ಕಡೆಗೆ ಕೇಳಿದಳು:

"ಬಾಯಲ್ಲಿ ಹೇಳಿದ್ದಲ್ವಾ ಮೇಡಂ? ಗಾಳಿಗೆ ಹೋದ ಮಾತು. ಅದಕ್ಕೆ ಕಾನೂನಿದ್ಯಾ?"

"ಗಾಳಿಗೇ ಹೋಗಿದ್ರೆ ಕಷ್ಟ ಇತ್ತು. ಆದ್ರೆ ನಿಮ್ಮ ಓರಗಿತ್ತಿ ಹಿಡಿದಿಟ್ಟಿದ್ದಾಳಲ್ಲ. ಫೋನಿನ ಗುಂಡಿ ಒತ್ತಿದವಳು ಅವಳು, ಕೋಟಿನ ಗುಂಡಿ ಕಥೆ ಕಟ್ಟಿದವರು ನೀವು. ಒತ್ತಿದವರಿಗೆ ಕಥೆ ಸೇರಲ್ಲ."

"ನಾನು ಎಲ್ಲೂ ಹೋಗಿ ನೋಂದಾಯಿಸಿಲ್ಲ."

"ಬೇಕಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಕಥೆ ಒಂದು ರೂಪಕ್ಕೆ ಬಂದ ಗಳಿಗೆಯಿಂದ ಅದು ಕಟ್ಟಿದವರದ್ದು. ನೋಂದಣಿ ಅನ್ನೋದು ಮಗು ಹುಟ್ಟಿದ ಮೇಲೆ ಸರ್ಟಿಫಿಕೇಟ್ ತಗೊಂಡ ಹಾಗೆ. ಇದ್ರೆ ಅನುಕೂಲ. ಇಲ್ಲ ಅಂತ ಮಗು ಪಕ್ಕದ್ಮನೆಯವರದ್ದಾಗುತ್ತಾ? ನಿಮ್ಮ ಕಾಲ ಆದ ಮೇಲೂ ಎಷ್ಟೋ ವರ್ಷ ಆ ಹಕ್ಕು ಪುಟ್ಟಿಗೆ ಇರುತ್ತೆ."

"ಹಾಗಾದ್ರೆ ಕಳೆದುಹೋದ ಗುಂಡಿ ಬಗ್ಗೆ ಇನ್ನು ಯಾರೂ ಬರೆಯೋ ಹಾಗಿಲ್ವಾ?"

"ಧಾರಾಳವಾಗಿ ಬರೀಲಿ! ಯೋಚನೆಗೆ ಬೇಲಿ ಇಲ್ಲ. ಕೋಟು ಹೊಲಿಯೋದನ್ನ ನೀವು ತಡೆಯೋಕಾಗುತ್ತಾ? ಆದ್ರೆ ನೀವು ಹೊಲಿದಿಟ್ಟ ಕೋಟನ್ನೇ ಎತ್ಕೊಂಡು ಹೋಗಿ, ಒಳಗೆ ತನ್ನ ಹೆಸರಿನ ಪಟ್ಟಿ ಹೊಲ್ಕೊಂಡ್ರೆ ಅದು ಬೇರೆ."

"ತಾತ ಅನ್ನೋ ಮಾತು? ಅದು ಪುಟ್ಟಿದು."

ವಕೀಲರಮ್ಮ ನಕ್ಕರು. "ಒಂಟಿ ಪದಕ್ಕೆ ಹಕ್ಕು ಸಿಗಲ್ಲ ತಾಯಿ, ಪುಟ್ಟಿ ಬೇಜಾರು ಮಾಡ್ಕೋಬಾರದು. ಆದ್ರೆ ಅದು ನಿಮ್ಮ ಸಾಕ್ಷಿ. ತಾತ ಅಂದ್ರೆ ಏನು ಅಂತ ಅವನಿಗೆ ಗೊತ್ತಿಲ್ಲ ಅಂತೀರಲ್ಲ? ಯಾರೂ ಹೇಳಬೇಡಿ. ಸುಮ್ನಿರಿ."

ಇಷ್ಟರಲ್ಲಿ ಮೈದುನನ ಗ್ರಹಗತಿ ಇನ್ನೂ ಮೇಲಕ್ಕೆ ಹೋಗಿತ್ತು. ಶಾಲಾ ಪುಸ್ತಕ ಮಾಡುವ ದೊಡ್ಡ ಪ್ರಕಾಶನದವರೊಬ್ಬರು ಈ ಕಥೆಯನ್ನು ತಾವು ಹಾಕುತ್ತೇವೆ, ಇಂಥವೇ ಇನ್ನೂ ಬೇಕು ಅಂದರು. ಜೊತೆಗೊಂದು ಷರತ್ತು: ಕಥೆ ಯಾರದ್ದು, ಹಕ್ಕು ಹೇಗೆ ಬಂತು ಅನ್ನುವುದಕ್ಕೆ ಬರಹದಲ್ಲಿ ಒಪ್ಪಿಗೆ ಬೇಕು. ಜನಪದ ಅಂದರೆ ಎಲ್ಲರೂ ಹಾಕಬಹುದಲ್ಲ, ನಿಮಗ್ಯಾಕೆ ಹಣ ಕೊಡಬೇಕು ಅಂದರಂತೆ. ಜನಪದ ರಾತ್ರೋರಾತ್ರಿ ಮನೆಯ ಕಥೆಯಾಯಿತು. ಮೈದುನ ಸಂಜೆ ಹಣ್ಣಿನ ಬುಟ್ಟಿ ಹಿಡಿದು ಕೆಳಗಿಳಿದ. ಹಣ್ಣಿನ ಕೆಳಗೆ ಒಂದು ಕಾಗದ.

"ಅತ್ತಿಗೆ, ಇಲ್ಲೊಂದು ಸಹಿ. ಸುಮ್ನೆ ಫಾರ್ಮಾಲಿಟಿ."

"ಓದ್ತೀನಿ, ಇಟ್ಟು ಹೋಗು."

"ಓದೋಕೆ ಏನಿದೆ ಅದರಲ್ಲಿ? ವಕೀಲರ ಭಾಷೆ, ತಲೆನೋವು."

"ಹಾಕೇ," ಅಂದ ಗಂಡ, ಬುಟ್ಟಿಯಿಂದ ಒಂದು ಸೇಬು ಆರಿಸಿ ಕಚ್ಚುತ್ತ. "ಅವನು ಮುಂದಕ್ಕೆ ಬಂದ್ರೆ ನಮಗೂ ಒಳ್ಳೇದಲ್ವಾ? ಮನೆಗೆ ಬಣ್ಣ ಬಳಿಸ್ತೀನಿ ಅಂದಿದಾನೆ."

ಮರುದಿನ ವಕೀಲರಮ್ಮ ಕೋಟು ಒಯ್ಯಲು ಬಂದಾಗ ಆ ಕಾಗದ ಓದಿದರು. ಓದುತ್ತ ಓದುತ್ತ ಅವರ ಮೂಗು, ಕೊಳೆತದ್ದೇನನ್ನೋ ಮೂಸಿದವರ ಹಾಗೆ ಸುಕ್ಕುಗಟ್ಟಿತು.

"'ಈವರೆಗೆ ಹೇಳಿದ ಹಾಗೂ ಮುಂದೆ ಹೇಳಲಿರುವ ಸಮಸ್ತ ಕಥೆಗಳ ಸಮಸ್ತ ಹಕ್ಕುಗಳನ್ನು.' ಇದರ ಅರ್ಥ ಗೊತ್ತಾಯ್ತಾ ನಿಮಗೆ? ನಾಳೆ ಪುಟ್ಟಿಗೆ ಊಟ ಮಾಡಿಸ್ತಾ ಹೊಸ ಕಥೆ ಕಟ್ಟಿದ್ರೂ ಅದು ನಿಮ್ಮ ಮೈದುನಂದು."

"ನನ್ನ ಬಾಯಿಂದ ಇನ್ನೂ ಬರದೇ ಇರೋದೂ?"

"ಅದೂ."

ಹಿರೀ ಸೊಸೆ ಎದ್ದು ಹಣ್ಣಿನ ಬುಟ್ಟಿಯನ್ನು ಎತ್ತಿ ಬಾಗಿಲಾಚೆ ಮೆಟ್ಟಿಲ ಮೇಲೆ ಇಟ್ಟು ಬಂದಳು. ಆಮೇಲೆ ಸೋಪು ಹಾಕಿ ಕೈ ತೊಳೆದಳು. "ಛೀ," ಅಂದಳು ಮೆಲ್ಲಗೆ. "ಹುಟ್ಟದೇ ಇರೋದನ್ನೂ ಬಿಡಲ್ಲವಲ್ಲ. ಮೇಡಂ, ಏನು ಬರೀಬೇಕೋ ಬರೆದು ಕಳಿಸಿ ಅವನಿಗೆ."

ರೆಕಾರ್ಡು ಬೇಕಿತ್ತು. ಓರಗಿತ್ತಿ ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ಮಹಡಿ ಮೇಲೆ ಸಿಕ್ಕಳು. ಹಗ್ಗದ ಮೇಲಿನ ಹಾಸಿಗೆ ಚಾದರದ ಮರೆಯಲ್ಲಿ ನಿಂತು ತನ್ನ ಫೋನಿನಿಂದ ಅಕ್ಕನ ಫೋನಿಗೆ ಎಲ್ಲವನ್ನೂ ಕಳಿಸಿದಳು.

"ನಾನು ಕೊಟ್ಟೆ ಅಂತ ಮಾತ್ರ ಅನ್ನಬೇಡಿ ಅಕ್ಕ. ಇವರು ನನ್ನ ಬದುಕೋಕೆ ಬಿಡಲ್ಲ."

"ನೀನು ಕೊಡದೆ ಮಾಳಿಗೆ ಬೆಕ್ಕು ಕೊಡ್ತಾ?"

ಓರಗಿತ್ತಿಗೆ ನಗು ಬಂತು. ನಗುತ್ತಲೇ ಅತ್ತಳು. "ಕೊಟ್ಟೆ ಅಂತಲೇ ಅನ್ನಿ ಹೋಗ್ಲಿ. ಪುಸ್ತಕ ಬಂದಾಗಿಂದ ಮರಿ ಅದನ್ನ ಮುಟ್ತಿಲ್ಲ. ಮುಖಪುಟ ನೋಡಿದ್ರೆ ವಾಂತಿ ಬರುತ್ತಂತೆ."

ಇಬ್ಬರೂ ಚಾದರದ ಮರೆಯಲ್ಲೇ ಕೂತು ರೆಕಾರ್ಡು ಕೇಳಿದರು. ಚಮಚದ ಸದ್ದು, ಪುಟ್ಟಿಯ ಕೆಮ್ಮು, ಕಥೆ, ನಡುವೆ "ಉಪ್ಪೇ ಇಲ್ಲ ಇದಕ್ಕೆ". ಅದಾದ ಮೇಲೆ ಇಡೀ ಡಿಪೋಗೆ ಕೇಳಿಸುವಂಥ ಒಂದು ತೇಗು.

"ಇದನ್ನ ಟೈಪ್ ಮಾಡದೆ ಬಿಟ್ಟಿದ್ದಾಳಲ್ಲ ಪುಣ್ಯಾತ್ಗಿತ್ತಿ," ಅಂದಳು ಹಿರೀ ಸೊಸೆ.

ವಕೀಲರ ನೋಟೀಸು ಪ್ರೆಸ್ಸಿಗೆ ಹೋಯಿತು. ಅದರ ಪ್ರತಿ ದೊಡ್ಡ ಪ್ರಕಾಶನಕ್ಕೂ ಹೋಯಿತು. ಮುಂದಿನ ಭಾನುವಾರ ಮೈದುನ ಊಟಕ್ಕೆ ಬಂದದ್ದು ಊಟಕ್ಕಲ್ಲ. ಕಾಗದವನ್ನು ಅನ್ನದ ಪಾತ್ರೆಯ ಮೇಲೇ ಎಸೆದ. ಅದರ ಮೂಲೆ ಬೇಳೆಯಲ್ಲಿ ನೆನೆಯಿತು.

"ಸ್ವಂತ ಮನೆಯವರ ಮೇಲೆ ನೋಟೀಸಾ ಅತ್ತಿಗೆ? ಪ್ರೆಸ್ಸಲ್ಲಿ ಎಲ್ಲರೆದುರು ಕೊಟ್ಟು ಹೋದ ಪೋಸ್ಟ್‌ಮ್ಯಾನು. ಮಾನ ಹೋಯ್ತು ನಂದು."

"ಬನ್ನಿ, ಕೂತ್ಕೊಳ್ಳಿ. ನಿಮಗೆ ಅನ್ನ ಬಡಿಸ್ಲಾ, ಬ್ರೆಡ್ ಕೊಡ್ಲಾ?"

ಮೈದುನ ಬೆಚ್ಚಿದ. ಮದುವೆಯಾಗಿ ಬಂದ ದಿನದಿಂದ, ಅವನು ಮೀಸೆ ಮೂಡದ ಹುಡುಗನಾಗಿದ್ದಾಗಿನಿಂದ, ಅವಳು ಅವನನ್ನು ನೀನು ಅಂತಲೇ ಅಂದದ್ದು.

"ನೀವಾ? ನಾನು ಯಾವಾಗಿಂದ ನೀವು ಆದೆ?"

"ಪ್ರಕಾಶಕರಾದಾಗಿಂದ."

"ಕೇಳ್ದೇನೋ ಅಣ್ಣ ನಿನ್ನ ಹೆಂಡ್ತಿ ಮಾತು? ಮಗನ ಹಾಗೆ ನೋಡ್ಕೊಂಡವರು ಇವತ್ತು ನೀವು ತಾವು ಅಂತಾರೆ!"

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೋಟೀಸ್ ವಾಪಸ್ ತಗೋ ಅಂತ ಹೇಳಿದೀನಪ್ಪ. ನನ್ನ ಮಾತು ಎಲ್ಲಿ ಕೇಳ್ತಾಳೆ?"

"ನಮ್ಮಜ್ಜಿ ಕಥೆ ಅದು," ಅಂತ ಮೈದುನ ಮೇಜು ಕುಟ್ಟಿದ. "ಜನಪದ. ಕೋರ್ಟಲ್ಲೂ ಅದನ್ನೇ ಹೇಳ್ತೀನಿ. ಅಮ್ಮ ಸಾಕ್ಷಿ."

"ಜನಪದ," ಅಂದರು ಯಜಮಾನರು. ಇಷ್ಟು ಹೊತ್ತು ಹುರುಳಿಕಾಯಿ ಜಗಿಯುತ್ತಿದ್ದವರು ಬಾಯಿ ಒರೆಸಿಕೊಂಡು ಪುಸ್ತಕ ತರಿಸಿದರು. ಹಿಂದಿನ ಪುಟ ತೆರೆದು ಕನ್ನಡಕ ಏರಿಸಿದರು. "'ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ.' ಯಾರಿಗೆ ಕಾದಿರಿಸಿದ್ದೀಯ ಮಗನೆ? ಜನಕ್ಕಾ?"

"ಅದು ಎಲ್ಲ ಪುಸ್ತಕದಲ್ಲೂ ಹಾಕ್ತಾರೆ ಅಪ್ಪ."

"ಇರ್ಲಿ. ನಮ್ಮಮ್ಮ ಹೇಳಿದ ಕಥೆ ಅಂದೆ. ನಮ್ಮಮ್ಮನ ಕಥೆ ನಾನು ಕೇಳಿಲ್ಲ, ನೀನು ಕೇಳಿದೀಯ. ಅದೃಷ್ಟವಂತ. ಹಾಗಾದ್ರೆ ಒಂದು ಹೇಳು. ಈ ಕಥೇಲಿ ತಾತ ಅಂದ್ರೆ ಯಾರು?"

"ತಾತ ಅಂದ್ರೆ ತಾತ. ಅಜ್ಜ. ವಯಸ್ಸಾದವನು. ಇದೆಂಥ ಪ್ರಶ್ನೆ?"

ಮರಿ ಪಕ್ಕನೆ ನಕ್ಕ. ಬಾಯಲ್ಲಿದ್ದ ಅನ್ನ ಮೇಜಿನ ಮೇಲೆಲ್ಲ ಚೆಲ್ಲಿತು. ಪುಟ್ಟಿಯೂ ಶುರು ಮಾಡಿತು. ಇಬ್ಬರೂ ಬಿಕ್ಕಳಿಕೆ ಬರುವಷ್ಟು ನಕ್ಕರು.

"ಅಪ್ಪಂಗೆ ತಾತ ಗೊತ್ತಿಲ್ಲ! ಅಪ್ಪಂಗೆ ತಾತ ಗೊತ್ತಿಲ್ಲ!" ಮರಿ ಕುರ್ಚಿಯಿಂದ ಇಳಿದು ಬಂದು, ಅನ್ನ ಮೆತ್ತಿದ ಬೆರಳನ್ನು ಅಪ್ಪನ ಷರಟಿನ ಕಾಜಕ್ಕೆ ತೂರಿಸಿ ಅಲ್ಲಾಡಿಸಿದ. "ಇದೇ ಅಪ್ಪಾ, ತಾತ! ಇದಕ್ಕೆ ಗುಂಡಿ ಹೋಗೋದು! ನಿಂಗೆ ಇಷ್ಟೂ ಗೊತ್ತಿಲ್ವಾ?"

ಮೈದುನ ಷರಟು ನೋಡಿಕೊಂಡ. ಆಮೇಲೆ ಮುಖಪುಟ ನೋಡಿದ. ಸೀಳಿದ ಹೊಟ್ಟೆ, ಸುತ್ತ ನೂಲು, ಹಣಕುವ ಗುಂಡಿ. ಅವನ ಮುಖದ ಬಣ್ಣ ಬದಲಾದದ್ದನ್ನು ಮೇಜಿನ ಸುತ್ತ ಇದ್ದವರೆಲ್ಲ ನೋಡಿದರು.

"ನಿನ್ನ ಮಗನಿಗೆ ಗೊತ್ತು," ಅಂದರು ಯಜಮಾನರು. "ನಿನ್ನ ಹೆಂಡತಿಗೆ ಗೊತ್ತು. ಹಾಲಿನವನಿಗೂ ಗೊತ್ತಿದೆ ಅನ್ಸುತ್ತೆ. ಮಗನ್ನ ತೊಡೆ ಮೇಲೆ ಕೂರಿಸ್ಕೊಂಡು ಒಂದೇ ಒಂದು ಸಲ ಆ ಪುಸ್ತಕ ಓದಿದ್ರೆ ನಿಂಗೂ ಗೊತ್ತಾಗ್ತಿತ್ತು. ಕದ್ದೆ ಅಂತಲ್ಲ ಕಣೋ ನಂಗೆ ಹೇಸಿಗೆ. ಕದ್ದಿದ್ದು ಏನು ಅಂತ ತಿರುಗಿ ನೋಡದೆ ಮಾರಿದೆಯಲ್ಲ. ಅದಕ್ಕೆ ನನ್ನ ಹೊಟ್ಟೆ ಬೇರೆ ಕುಯ್ದೆ."

"ಅಮ್ಮ, ನೀನಾದ್ರೂ ಹೇಳು," ಅಂದ ಅವನು.

ಅತ್ತೆ ಬೇಳೆಯಲ್ಲಿ ನೆನೆದ ನೋಟೀಸನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. "ನಂಗೆ ವಯಸ್ಸಾಯ್ತಪ್ಪ. ನಮ್ಮತ್ತೆ ಗಡಿಗೆ ಕಥೆ ಹೇಳ್ತಿದ್ರೇನೋ. ಗುಂಡಿ ಅಲ್ಲ."

ಓರಗಿತ್ತಿ ಎದ್ದು ನಿಂತಳು. "ರೆಕಾರ್ಡು ಅಕ್ಕನಿಗೆ ನಾನೇ ಕೊಟ್ಟಿದ್ದು," ಅಂದಳು. ಅಂದು, ಮೇಜಿನ ಮೇಲೆ ಚೆಲ್ಲಿದ ಅನ್ನವನ್ನು ಬಾಚತೊಡಗಿದಳು. ಅವಳ ಗಂಡ ಮೆಟ್ಟಿಲು ಹತ್ತಿ ಹೋದ.

ಆಮೇಲಿನದು ವಕೀಲರ ಕೋಣೆಯಲ್ಲಿ ನಡೆಯಿತು. ಮೈದುನ ಮೊದಲು ಇಬ್ಬರ ಹೆಸರೂ ಹಾಕೋಣ ಅಂದ. ಆಮೇಲೆ 'ಸಹಕಾರ' ಅಂತ ಒಳಗಿನ ಪುಟದಲ್ಲಿ ಹಾಕುತ್ತೇನೆ ಅಂದ. ಹಿರೀ ಸೊಸೆ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೋಗಿದ್ದವಳು, "ಕೋಟು ನಂದು. ನೀವು ಇಸ್ತ್ರಿ ಮಾಡಿದ್ರಿ ಅಂತ ಬೇಕಾದ್ರೆ ಬರ್ಕೊಳ್ಳಿ" ಅಂದಳಂತೆ. ಕೊನೆಗೆ ಅಂಗಡಿಗಳಲ್ಲಿ ಉಳಿದಿದ್ದ ಪುಸ್ತಕಗಳು ವಾಪಸ್ ಬಂದವು. ದೊಡ್ಡ ಪ್ರಕಾಶನದವರು ನೇರ ಅವಳ ಜೊತೆಗೇ ಮಾತಾಡಿದರು. ಅವಳು ಆ ಒಂದು ಕಥೆ ಮಾತ್ರ ಕೊಟ್ಟಳು. ಹೊಸದಾಗಿ ಚಿತ್ರ ಬರೆಯುವವರು ಮನೆಗೇ ಬಂದು, ಮಿಷನ್ ಪಕ್ಕ ಕೂತು, ಕಾಜ ಹೇಗಿರುತ್ತದೆ ಅಂತ ನೋಡಿಕೊಂಡು ಹೋದರು.

ವಾಪಸ್ ಬಂದ ಪುಸ್ತಕಗಳ ಕಟ್ಟುಗಳು ಮೆಟ್ಟಿಲ ಕೆಳಗೆ ಬಿದ್ದಿದ್ದವು. ಇಲಿ ಮೂಲೆ ಕಡಿದು ಪುಡಿ ಮಾಡಿತ್ತು. ಅತ್ತೆ ಅದರ ಹಾಳೆ ಹರಿದು ಸೊಪ್ಪಿನ ಬೇರು ಸುತ್ತಿ ಕಸದ ಡಬ್ಬಿಗೆ ಹಾಕುತ್ತಿದ್ದರು. ಪ್ರತಿ ದಿನ ಕಸದ ಡಬ್ಬಿಯ ಮೇಲೆ ಯಜಮಾನರು ಹೊಟ್ಟೆ ಸೀಳಿಕೊಂಡು ಮಲಗಿರುತ್ತಿದ್ದರು. "ಮಗ ದೊಡ್ಡವನಾದ ಮೇಲೆ ನನಗೊಂದು ಸ್ಥಾನ ಕೊಟ್ಟ ನೋಡು" ಅನ್ನುವರು. ನಗುತ್ತಿರಲಿಲ್ಲ.

ಹೊಸ ಪುಸ್ತಕ ಬಂದದ್ದು ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ. ಮುಖಪುಟದಲ್ಲಿ ಹಳೆ ಕೋಟಿನ ಒಂದು ಕಾಜ. ಅದಕ್ಕೆ ಹಲ್ಲಿಲ್ಲದ ನಗು, ಮೇಲೆ ಎರಡು ನರೆತ ಹುಬ್ಬು. ಅದರ ಕೆಳಗೆ ಹಿರೀ ಸೊಸೆಯ ಹೆಸರು. ಪುಟ್ಟಿ ಅದನ್ನು ಟೀಚರಿಗೆ ತೋರಿಸಲು ಚೀಲದಲ್ಲಿಟ್ಟುಕೊಂಡು ಮಲಗಿತು. 'ಉಪ್ಪೇ ಇಲ್ಲ ಇದಕ್ಕೆ' ಅನ್ನುವ ಸಾಲನ್ನು ತೆಗೆದಿದ್ದರು. ಗಂಡನಿಗೆ ಅದೊಂದೇ ಬೇಜಾರು.

"ಚೆನ್ನಾಗಿತ್ತು ಕಣೆ ಆ ಸಾಲು. ಮಕ್ಕಳು ನಗ್ತಿದ್ರು. ನನ್ನದೂ ಅಂತ ಒಂದಿರ್ತಿತ್ತು."

ಆ ವಾರವೇ, ಸಂಜೆ ಊಟದ ಹೊತ್ತು. ಮಕ್ಕಳಿಬ್ಬರೂ ಕೂತಿದ್ದರು. ಈಗ ಓರಗಿತ್ತಿ ಮರಿಯನ್ನು ಕೆಳಗೆ ಬಿಟ್ಟು ಹೋಗುವಾಗ ತನ್ನ ಫೋನನ್ನು ಮರೆಯದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಅವಳಿಗೆ ಅವಳೇ ಹಾಕಿಕೊಂಡ ಶಿಕ್ಷೆ. ಹಿರೀ ಸೊಸೆ ಮೊದಲ ತುತ್ತು ಕಲಸುವಷ್ಟರಲ್ಲಿ ಗಂಡ ಸ್ನಾನ ಮುಗಿಸಿ, ಒಗೆದ ಷರಟು ತೊಟ್ಟು ಬಂದು ಪಕ್ಕದಲ್ಲಿ ಕೂತ. ಜೇಬಿನಿಂದ ಫೋನು ತೆಗೆದು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದ. ಗುಂಡಿ ಒತ್ತಿದ. ಕೆಂಪು ಚುಕ್ಕೆ ಹೊತ್ತಿಕೊಂಡಿತು.

"ಹೂಂ, ಶುರು ಮಾಡು. ಹೊಸದೊಂದು. ಪ್ರಕಾಶನದವರು ಇನ್ನೂ ಬೇಕು ಅಂದಿದಾರಲ್ಲ."

"ಇದೇನಿದು?"

"ಇನ್ಮೇಲೆ ಎಲ್ಲ ಸರಿಯಾಗಿ ಹಿಡಿದಿಟ್ಕೊಳ್ಳೋಣ. ಯಾರೋ ಕದಿಯೋದು ಯಾಕೆ? ನಮ್ಮ ಕಥೆ, ನಾವೇ ಮಾಡೋಣ. ನಾನು ಎಲ್ಲ ನೋಡ್ಕೋತೀನಿ, ನೀನು ಹೇಳ್ತಾ ಹೋಗು ಅಷ್ಟೇ. ಏ ಪುಟ್ಟಿ, ಕೆಮ್ಮಬೇಡ."

ಅವಳು ಫೋನು ನೋಡಿದಳು. ಓರಗಿತ್ತಿಯ ಫೋನು ನಿಲ್ಲುತ್ತಿದ್ದದ್ದೂ ಅದೇ ಜಗ್ಗಿಗೆ ಒರಗಿಕೊಂಡೇ. ಗಂಡನ ಕಡೆ ನೋಡಿದಳು. ಅವನು ಬಾಚಿದ ತಲೆ, ಕತ್ತಿನವರೆಗೂ ಹಾಕಿದ ಗುಂಡಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ಕೂತಿದ್ದ. ತುತ್ತನ್ನು ಪುಟ್ಟಿಯ ಬಾಯಿಗಿಟ್ಟು, ತನ್ನ ಊಟದ ಹೊತ್ತಿನ ಇಂಪು ದನಿಯಲ್ಲೇ ಶುರು ಮಾಡಿದಳು.

"ಒಂದು ಮನೇಲಿ ಒಂದು ಕತ್ತರಿ ಇತ್ತಂತೆ. ಆ ಕತ್ತರಿಗೆ ಒಬ್ಬ ಗಂಡ ಇದ್ದನಂತೆ."

"ಕತ್ತರಿಗೆ ಗಂಡಾನಾ?" ಮರಿ ಕಣ್ಣರಳಿಸಿದ.

"ಹೂಂ. ಕತ್ತರಿ ದಿನವಿಡೀ ಕರ್ ಕರ್ ಅಂತ ಬಟ್ಟೆ ಕತ್ತರಿಸ್ತಿತ್ತಂತೆ. ಗಂಡ ಮಂಚದ ಮೇಲೆ ಮಲಗಿ ಬೆವರುಸಾಲೆ ಕೆರ್ಕೋತಿದ್ನಂತೆ. ಒಂದಿನ ಕಳ್ಳ ಬಂದು ಬಟ್ಟೆ ಕದ್ದ. ಕತ್ತರಿ, ರೀ ಏಳಿ ಅಂತು. ಹೋದ್ರೆ ಹೋಗ್ಲಿ ಬಿಡೆ, ಅಂತ ಅವನು ಮಗ್ಗುಲು ಬದಲಿಸಿದ. ಕತ್ತರಿ ತಾನೇ ಓಡಿಹೋಗಿ ಬಟ್ಟೆ ಕಿತ್ಕೊಂಡು ಬಂತು. ಆವಾಗ ಗಂಡ ಸ್ನಾನ ಮಾಡಿ, ಒಗೆದ ಷರಟು ಹಾಕ್ಕೊಂಡು ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳೋ ಹಾಗೆ ಏನಂದ ಹೇಳಿ?"

"ಏನಂದ?"

"ನಾವು ಕಿತ್ಕೊಂಡು ಬಂದ್ವಿ, ಅಂದನಂತೆ."

ಒಳಗಿನ ಕೋಣೆಯಿಂದ ಮಾವನಿಗೆ ಕೆಮ್ಮು ಬಂತು. ನಿಲ್ಲದ ಕೆಮ್ಮು. ಅತ್ತೆ "ನೀರು ಕುಡೀರಿ" ಅನ್ನುತ್ತಿದ್ದರು; ಅವರ ದನಿಯಲ್ಲೂ ನಗು ಸಿಕ್ಕಿಕೊಂಡಿತ್ತು. ಗಂಡನ ಕಿವಿ ಕೆಂಪಾಯಿತು. ಮೆಲ್ಲಗೆ ಕೈ ಚಾಚಿ ಫೋನಿನ ಗುಂಡಿ ಒತ್ತಿದ. ಕೆಂಪು ಚುಕ್ಕೆ ಆರಿತು.

"ಯಾಕ್ರೀ ನಿಲ್ಲಿಸಿದ್ರಿ?" ಅಂದಳು ಅವಳು, ಇನ್ನೊಂದು ತುತ್ತು ಕಲಸುತ್ತ. "ಕಥೆ ಇನ್ನೂ ಇದೆ."

"ಆಮೇಲೆ?" ಅಂತ ಮಕ್ಕಳಿಬ್ಬರೂ ಬಾಯಿ ತೆರೆದು ಕೂತಿದ್ದರು.